ದ್ರಾಕ್ಷಿಯ ಹಿಟ್ಟು ತಿಗಣೆಗೆ ಗುಲಗಂಜಿ ಹುಳು: ಗುರುತು ಹಿಡಿಯೋದು, ಬಿಡೋದು, ಕುಂಬಳಕಾಯಿ ಮೇಲೆ ಸಾಕೋದು

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ದ್ರಾಕ್ಷಿಯ ಹಿಟ್ಟು ತಿಗಣೆ (ಮಿಲಿಬಗ್) ತಿನ್ನಲಿ ಅಂತ ದುಡ್ಡು ಕೊಟ್ಟು ಗುಲಗಂಜಿ ಹುಳು ತಂದು ತೋಟಕ್ಕೆ ಬಿಟ್ಟಿದ್ದೆ. ಮೂರು ವಾರ ಕಳೆದು ಚಪ್ಪರದ ಕೆಳಗೆ ಬಗ್ಗಿ ನೋಡಿದರೆ ಕಾಂಡದ ಮೇಲೆ ದಪ್ಪ ದಪ್ಪ ಬಿಳಿ ಹುಳುಗಳು, ಮೈತುಂಬ ಹತ್ತಿಯ ಎಳೆ ಜೋತುಬಿದ್ದಿವೆ, ಮೊದಲಿದ್ದ ತಿಗಣೆಗಿಂತ ಮೂರು ನಾಲ್ಕು ಪಟ್ಟು ದೊಡ್ಡವು. ಎದೆ ಧಸಕ್ ಅಂತು. ಔಷಧಿ ಅಂಗಡಿಗೆ ಹೋಗಿ ಫೋಟೋ ತೋರಿಸಿದೆ. "ಮಿಲಿಬಗ್ ಜೋರಾಗಿದೆ, ಇದು ಹೊಡೀರಿ" ಅಂದರು. ಹೊಡೆದೆ. ಸತ್ತವು ತಿಗಣೆಗಳಲ್ಲ, ನಾನೇ ಬಿಟ್ಟ ಗುಲಗಂಜಿಯ ಮರಿಗಳು. ತಿಗಣೆಗಳು ತೊಗಟೆಯ ಒಳಗೆ ಬೆಚ್ಚಗೆ ಕೂತಿದ್ದವು.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಹುಳು ತರೋದಕ್ಕಿಂತ ಜಾಸ್ತಿ, ತಂದ ಹುಳುವನ್ನು ನಾವೇ ಕೊಲ್ಲದೆ ಇರೋದು ಹೇಗೆ ಅಂತ ಬರೆದಿದ್ದೇನೆ. ನಮ್ಮದು ಚಿಕ್ಕಬಳ್ಳಾಪುರದ ಕಡೆ, ಕಲ್ಲು ಕಂಬದ ಚಪ್ಪರ, ಬೆಂಗಳೂರು ನೀಲಿ ಮತ್ತು ದಿಲ್‌ಖುಷ್ ತಳಿ. ವಿಜಯಪುರ, ಬಾಗಲಕೋಟೆ ಕಡೆಯ ಥಾಮ್ಸನ್ ಬೆಳೆಗಾರರಿಗೆ ಹವೆ ಬೇರೆ, ಚಾಟ್ನಿ (ಪ್ರೂನಿಂಗ್, ಅಂದರೆ ಬಳ್ಳಿ ಸವರೋದು) ಲೆಕ್ಕ ಬೇರೆ. ಅದನ್ನೂ ಅಲ್ಲಲ್ಲಿ ಹೇಳುತ್ತೇನೆ.

ನಿಮ್ಮ ತೋಟದ ತೊಂದರೆ ಯಾವುದು ಅಂತ ಮೊದಲು ನೋಡಿ

ಎಲ್ಲ ಕೀಟಕ್ಕೂ ಮಿತ್ರಕೀಟ, ಅಂದರೆ ಅದನ್ನು ತಿನ್ನುವ ಹುಳು, ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಳೆ ಚಿಗುರಿನ ಕಣ್ಣನ್ನೇ ಕೆರೆದು ತಿನ್ನುವ ಚಿಗಟ ದುಂಬಿ ಇದೆಯಲ್ಲ, ಪ್ರೂನಿಂಗ್ ಆದಮೇಲೆ ಬರುತ್ತದೆ, ಅದಕ್ಕೆ ದುಡ್ಡು ಕೊಟ್ಟು ತಂದು ಬಿಡುವಂಥ ಹುಳು ಯಾವುದೂ ಇಲ್ಲ. ಬೆಳಿಗ್ಗೆ ಬೇಗ ಬಳ್ಳಿ ಅಲ್ಲಾಡಿಸಿ ಕೆಳಗೆ ಬಟ್ಟೆ ಹಾಸಿ ಬೀಳಿಸಿಕೊಳ್ಳಬೇಕು, ಸಡಿಲ ತೊಗಟೆ ತೆಗೆಯಬೇಕು, ಅಷ್ಟೇ. ಕಾಂಡ ಕೊರೆಯುವ ಹುಳು ಒಳಗೆ ಸೇರಿದ ಮೇಲೆ ಯಾವ ಗುಲಗಂಜಿಯೂ ಅಲ್ಲಿಗೆ ಹೋಗುವುದಿಲ್ಲ.

ಮಿತ್ರಕೀಟ ನಿಜವಾಗಿ ಕೆಲಸ ಮಾಡೋದು ಹಿಟ್ಟು ತಿಗಣೆ ಮೇಲೆ. ಎರಡನೇ ಸಾಲಿನಲ್ಲಿ ಥ್ರಿಪ್ಸ್, ಜಿಗಿಹುಳು, ನುಸಿ. ದ್ರಾಕ್ಷಿಯಲ್ಲಿ ಹೆಚ್ಚು ಕಾಡುವುದು ಗುಲಾಬಿ ಹಿಟ್ಟು ತಿಗಣೆ. ಹಿಪ್ಪುನೇರಳೆಗೆ ತುಕ್ರಾ ಬರುತ್ತದಲ್ಲ, ತುದಿ ಮುದುಡಿ ಗಂಟು ಕಟ್ಟಿ ನಿಲ್ಲುತ್ತದೆ, ಅದನ್ನು ತರೋದೂ ಇದೇ ತಿಗಣೆ. ನಮ್ಮ ಕಡೆ ಬದುವಿನ ಆಚೆ ಹಿಪ್ಪುನೇರಳೆ, ಈಚೆ ದ್ರಾಕ್ಷಿ ಇರೋದು ಮಾಮೂಲಿ, ಹಾಗಾಗಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಟ ನಡೆದೇ ಇರುತ್ತದೆ. ಆದರೆ ರೇಷ್ಮೆಹುಳು ಸತ್ತೀತು ಅಂತ ಹೆದರಿ ಹಿಪ್ಪುನೇರಳೆಯವರು ವಿಷ ಹೊಡೆಯೋದು ಕಮ್ಮಿ. ಅದರಿಂದ ಗುಲಗಂಜಿ ಉಳಿದುಕೊಳ್ಳೋ ಜಾಗವೂ ಅದೇ.

ಈ ತಿಗಣೆಯ ಹೆಣ್ಣು 3 ಮಿ.ಮೀ. ಇದ್ದರೆ ಹೆಚ್ಚು. ಹತ್ತಿಯಂಥ ಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ, 500 ದಾಟುವುದೂ ಉಂಟು. ಒಂದು ತಲೆಮಾರು ಮುಗಿಯೋಕೆ ಹತ್ತಿರ ಹತ್ತಿರ ಒಂದು ತಿಂಗಳು. ಗೊಂಚಲು ಸೇರಿದರೆ ಮೇಲೆ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು. ಆ ಗೊಂಚಲನ್ನು ವ್ಯಾಪಾರಿ ಕೈಯಲ್ಲೂ ಮುಟ್ಟುವುದಿಲ್ಲ.

ಗುಲಗಂಜಿ ಹುಳುವಿನ ಪರಿಚಯ

ಹೆಸರು ಕ್ರಿಪ್ಟೊಲೇಮಸ್. ಮೂಲ ಆಸ್ಟ್ರೇಲಿಯಾ. 1891-92ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ತೆಗೆದುಕೊಂಡು ಹೋದರು, 1898ರಲ್ಲಿ ಭಾರತಕ್ಕೆ ಬಂತು. ತಂದದ್ದು ಕಾಫಿ ಗಿಡದ ಹಸಿರು ಶಲ್ಕ ಕೀಟ ತಿನ್ನಲಿ ಅಂತ. ಅದನ್ನು ಸರಿಯಾಗಿ ತಿನ್ನಲಿಲ್ಲ, ಆದರೆ ದಕ್ಷಿಣ ಭಾರತದಲ್ಲಿ ಮನೆ ಮಾಡಿಕೊಂಡು ಹಿಟ್ಟು ತಿಗಣೆ ತಿನ್ನತೊಡಗಿತು. ಬೆಂಗಳೂರಿನ ಕೀಟ ವಿಜ್ಞಾನಿಗಳು ಆಮೇಲೆ ದ್ರಾಕ್ಷಿ ತೋಟದಲ್ಲಿ ಬಿಟ್ಟು ನೋಡಿದರು, ಹಿಡಿಯಿತು. 1994ರಲ್ಲಿ ಕೆರಿಬಿಯನ್ನಿನ ಗ್ರೆನಡಾ ದ್ವೀಪಕ್ಕೆ ಇದೇ ಗುಲಾಬಿ ತಿಗಣೆ ನುಗ್ಗಿದಾಗ, ಅಲ್ಲಿಗೆ ಗುಲಗಂಜಿ ಹೋದದ್ದು ಭಾರತದಿಂದ.

ದೊಡ್ಡ ಹುಳು 4 ಮಿ.ಮೀ. ಬೆನ್ನು ಕಪ್ಪುಗಂದು, ತಲೆ ಮತ್ತು ರೆಕ್ಕೆಯ ಹಿಂದಿನ ತುದಿ ಕಿತ್ತಳೆ. ಕೆಂಪು ಮೈಗೆ ಕಪ್ಪು ಚುಕ್ಕೆಯ ಗುಲಗಂಜಿ ಹುಡುಕಿದರೆ ಸಿಗುವುದಿಲ್ಲ, ಅದು ಬೇರೆ ಜಾತಿ. ಮರಿಯ ವಿಷಯಕ್ಕೆ ಬಂದರೆ, ನಾನು ಮೋಸ ಹೋದದ್ದು ಇಲ್ಲೇ. ಅದು ಥೇಟ್ ಹಿಟ್ಟು ತಿಗಣೆಯ ವೇಷ ಹಾಕಿರುತ್ತದೆ. ಗುರುತು ಹಿಡಿಯೋದು ಹೀಗೆ:

ತಿಗಣೆ ಗುಂಪಿನಲ್ಲಿ ಕೂತಿರುತ್ತದೆ, ಕಡ್ಡಿಯಲ್ಲಿ ತಿವಿದರೂ ಸೋಮಾರಿ. ಗುಲಗಂಜಿ ಮರಿ ಒಂಟಿ, ತಿವಿದರೆ ಸರಸರ ಓಡುತ್ತದೆ. ತಿಗಣೆಯ ಮೇಲಿರೋದು ತೆಳು ಹಿಟ್ಟು. ಮರಿಯ ಮೈಮೇಲೆ ಉದ್ದ ಮೇಣದ ಎಳೆಗಳು, ಸ್ನಾನ ಮಾಡದ ಪೊಮೇರಿಯನ್ ನಾಯಿಯ ಹಾಗೆ. ಬೆಳೆದ ಮರಿ 13 ಮಿ.ಮೀ.ವರೆಗೆ ಬರುತ್ತದೆ, ಅಷ್ಟು ದೊಡ್ಡ ತಿಗಣೆ ಇರುವುದೇ ಇಲ್ಲ. ಅನುಮಾನ ಬಂದರೆ ಒಂದನ್ನು ಬೆರಳಲ್ಲಿ ಒತ್ತಿ. ಗುಲಾಬಿ ತಿಗಣೆಯಾದರೆ ಒಳಗೆ ಕೆಂಪು ಛಾಯೆ. ಮರಿಯ ಮೇಣ ಒರೆಸಿದರೆ ಕೆಳಗೆ ಮಾಸಲು ಬೂದು ಮೈ, ಆರು ಕಾಲು ಚೆನ್ನಾಗಿ ಕಾಣುತ್ತವೆ.

ಒಂದು ಮರಿ ಬೆಳೆದು ಮುಗಿಯೋ ಅಷ್ಟರಲ್ಲಿ ಸುಮಾರು 900 ತಿಗಣೆ ಮೊಟ್ಟೆ, ಇಲ್ಲವೇ 250-300 ಮರಿ, ಇಲ್ಲವೇ 30ರ ಹತ್ತಿರ ದೊಡ್ಡ ತಿಗಣೆ ತಿನ್ನುತ್ತದೆ. ಒಂದು ದಿನ ಬೆಳಿಗ್ಗೆ ಭೂತಗನ್ನಡಿ ಹಿಡಿದು ಸುಮ್ನೆ ಅರ್ಧ ಗಂಟೆ ಕೂತು ನೋಡಿದೆ. ಮೊಟ್ಟೆ ಚೀಲದೊಳಗೆ ತಲೆ ತೂರಿಸಿ, ಹಾಸಿಗೆ ಹರಿದ ಹಾಗೆ ಹತ್ತಿಯನ್ನೆಲ್ಲ ಕೆದರಿ ತಿನ್ನುತ್ತಿತ್ತು. ತೋಟದಲ್ಲಿ ಈ ಕೆದರಿದ ಹತ್ತಿ ಕಂಡರೆ ಹುಳು ಕೆಲಸದಲ್ಲಿದೆ ಅಂತ ಅರ್ಥ.

ಇರುವೆ ತೆಗೆಯದೆ ಒಂದು ಹುಳುವನ್ನೂ ತರಬೇಡಿ

ಜನ ಈ ಹಂತ ಹಾರಿಬಿಡುತ್ತಾರೆ, ಆಮೇಲೆ ಹುಳು ಕೆಲಸ ಮಾಡಲಿಲ್ಲ ಅಂತ ಬೈಯುತ್ತಾರೆ. ತಿಗಣೆ ಸುರಿಸುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಬಂದ ಇರುವೆ ತಿಗಣೆಯನ್ನು ದನ ಕಾಯ್ದ ಹಾಗೆ ಕಾಯುತ್ತದೆ. ಗುಲಗಂಜಿ ಬಂದು ಕೂತರೆ ಕಚ್ಚಿ ಓಡಿಸುತ್ತದೆ. ಮೇಣ ಹೊದ್ದ ಮರಿಗಳಿಗೆ ಸ್ವಲ್ಪ ರಕ್ಷಣೆ ಇದೆ, ಆದರೆ ಮೊಟ್ಟೆ ಇಡಬೇಕಾದ ದೊಡ್ಡ ಹುಳು ಅಲ್ಲಿ ನಿಲ್ಲುವುದೇ ಇಲ್ಲ.

ಹುಳು ತರುವ ಮೂರು ವಾರ ಮುಂಚೆ ಬುಡದ ಸುತ್ತ ಇರುವೆ ಗೂಡು ಅಗೆದು ನೀರು ಹಾಯಿಸಿ. ಕಾಂಡಕ್ಕೆ ಮೊಣಕಾಲೆತ್ತರದಲ್ಲಿ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಅದರ ಮೇಲೆ ಗ್ರೀಸೋ ಕೀಟದ ಅಂಟೋ ಬಳಿಯಿರಿ. ತೊಗಟೆಗೇ ನೇರವಾಗಿ ಗ್ರೀಸ್ ಬಳಿಯಬೇಡಿ, ಬಳ್ಳಿ ಕೆಡುತ್ತದೆ. ಪಟ್ಟಿಯ ಕೆಳಗೆ ಸಡಿಲ ತೊಗಟೆ ಇದ್ದರೆ ಇರುವೆ ಅದರೊಳಗೇ ದಾರಿ ಮಾಡಿಕೊಳ್ಳುತ್ತದೆ, ಹಾಗಾಗಿ ಮೊದಲು ಅಷ್ಟು ಜಾಗ ಉಜ್ಜಿ ಚೊಕ್ಕ ಮಾಡಿ. ಇನ್ನೊಂದು: ಬಳ್ಳಿಗೆಲ್ಲ ಪಟ್ಟಿ ಕಟ್ಟಿ ಕಲ್ಲು ಕಂಬ ಮರೆತರೆ ಏನೂ ಪ್ರಯೋಜನ ಇಲ್ಲ. ಕಂಬ ಹತ್ತಿ, ತಂತಿ ಹಿಡಿದು, ನೇರ ಗೊಂಚಲಿಗೇ ಬರುತ್ತವೆ. ನಾನು ಮೊದಲ ಸಲ ಮರೆತದ್ದು ಅದನ್ನೇ. ಕಂಬಕ್ಕೂ ಬಳಿಯಿರಿ, ಚಪ್ಪರ ಮುಟ್ಟುವ ಕಳೆ ಕಿತ್ತುಹಾಕಿ. ಧೂಳು ಕೂತರೆ ಅಂಟು ಸಾಯುತ್ತದೆ, ಎರಡು ವಾರಕ್ಕೊಮ್ಮೆ ನೋಡಿ.

ಇರುವೆ ತೀರಾ ಜಾಸ್ತಿ ಇದ್ದರೆ ಗಟ್ಟಿ ಸಕ್ಕರೆ ನೀರು 100 ಮಿ.ಲೀ.ಗೆ 1 ಗ್ರಾಂ ಬೋರಿಕ್ ಪುಡಿ ಕದಡಿ, ಸಣ್ಣ ತೂತಿನ ಬಾಟಲಿಯಲ್ಲಿ ಬುಡದ ಹತ್ತಿರ ಇಡಿ. ತೂತು ಇರುವೆಗೆ ಮಾತ್ರ ಸಾಲುವಷ್ಟಿರಲಿ, ಜೇನು ನುಗ್ಗಬಾರದು. ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ನಿಧಾನ, ಆದರೆ ಗೂಡಿನವರೆಗೆ ಹೋಗುತ್ತದೆ.

ಔಷಧಿ ಲೆಕ್ಕ

ದ್ರಾಕ್ಷಿ ಬೆಳೆಯೋರಿಗೆ ಸ್ಪ್ರೇ ಬಿಡಿ ಅಂದರೆ ನಗುತ್ತಾರೆ. ಡೌನಿ (ಎಲೆ, ಗೊಂಚಲಿಗೆ ಬರುವ ಬೂಷ್ಟು ರೋಗ) ಬಂದರೆ ಯಾರು ನೋಡುತ್ತಾರೆ? ನಾನು ಬಿಡಿ ಅನ್ನುತ್ತಿಲ್ಲ. ರೋಗದ ಔಷಧಿ ಬೇರೆ, ಕೀಟದ ಔಷಧಿ ಬೇರೆ ಅಂತ ತಲೆಯಲ್ಲಿಟ್ಟುಕೊಳ್ಳಿ. ಬೋರ್ಡೊ ದ್ರಾವಣ, ತಾಮ್ರ, ಬೂದಿ ರೋಗಕ್ಕೆ ಹೊಡೆಯುವ ಗಂಧಕ, ಇವನ್ನು ದೊಡ್ಡ ಗುಲಗಂಜಿ ತಡೆದುಕೊಳ್ಳುತ್ತದೆ. ಗಂಧಕ ಮಾತ್ರ ನುಸಿಯನ್ನು ತಿನ್ನುವ ಒಳ್ಳೆ ನುಸಿಗಳಿಗೆ ಹೊಡೆತ ಕೊಡುತ್ತದೆ, ಬೇಕಾದಷ್ಟೇ ಬಳಸಿ.

ಕೀಟದ ಔಷಧಿಗಳಲ್ಲಿ ಪೈರೆಥ್ರಾಯ್ಡ್ ಗುಂಪಿನವು ಅತಿ ಕೆಟ್ಟವು. ಗುಲಗಂಜಿ ಸಾಯುತ್ತದೆ, ಮೇಲಿಂದ ನುಸಿ ಎದ್ದು ಕೂರುತ್ತದೆ. ಇಮಿಡಾಕ್ಲೋಪ್ರಿಡ್ ಕೂಡ ಬೇಡ. ಮೋಸ ಮಾಡೋದು ಬುಪ್ರೊಫೆಜಿನ್. ತಿಗಣೆಗೆ ಒಳ್ಳೆ ಔಷಧಿ, ಹೊಡೆದ ಮೇಲೆ ದೊಡ್ಡ ಗುಲಗಂಜಿಗಳು ಓಡಾಡಿಕೊಂಡೇ ಇರುತ್ತವೆ, ನೋಡಿ ಸಮಾಧಾನ ಆಗುತ್ತದೆ. ಆದರೆ ಅದು ಪೊರೆ ಬಿಡೋದನ್ನೇ ತಡೆಯುವ ಔಷಧಿ, ಗುಲಗಂಜಿ ಮರಿಯೂ ಪೊರೆ ಬಿಟ್ಟೇ ಬೆಳೆಯಬೇಕು, ಅಲ್ವಾ? ಮರಿ ತಲೆಮಾರು ಹೋದರೆ ಮುಗಿಯಿತು. ಮೊದಲೆಲ್ಲ ಡೈಕ್ಲೋರ್ವಾಸ್ ಹೊಡೆದು ಸ್ವಲ್ಪ ದಿನ ಬಿಟ್ಟು ಹುಳು ಬಿಡುತ್ತಿದ್ದರು. ಅದು 2020ರ ಕೊನೆಗೆ ದೇಶದಲ್ಲೇ ನಿಷೇಧ ಆಯಿತು, ಹಳೆ ಬಾಟಲಿ ಇದ್ದರೂ ಮುಟ್ಟಬೇಡಿ.

ಹುಳು ಬಿಡುವ ಮೊದಲೇ ತಿಗಣೆಯ ಹೊರೆ ಇಳಿಸಬೇಕು ಅಂದರೆ ಮೀನೆಣ್ಣೆ ರಾಳದ ಸೋಪು ಲೀಟರಿಗೆ 25 ಗ್ರಾಂ ಕರಗಿಸಿ ಕಾಂಡ, ತೋಳು ತೊಳೆಯುವ ಹಾಗೆ ಹೊಡೆಯಿರಿ. ಒಣಗಿದ ಮೇಲೆ ಅದರ ವಿಷ ಉಳಿಯುವುದಿಲ್ಲ. ಉದ್ದ ಕಾಲ ನಿಲ್ಲುವ ಕೀಟನಾಶಕ ಹೊಡೆದಿದ್ದರೆ ಮೂರು ನಾಲ್ಕು ವಾರ ಕಾಯಿರಿ. ಪಂಪಿನ ಟ್ಯಾಂಕ್ ತೊಳೆಯೋದೂ ಮುಖ್ಯ. ತಳದಲ್ಲಿ ಉಳಿದ ಹಳೆ ಔಷಧಿಗೆ ಗಂಧಕ ಸೇರಿಸಿ ಹೊಡೆದು, ಗಂಧಕದಿಂದ ಹುಳು ಸತ್ತಿತು ಅಂದುಕೊಂಡವರನ್ನು ನೋಡಿದ್ದೇನೆ.

ಯಾವಾಗ, ಎಷ್ಟು, ಎಲ್ಲಿಂದ

ಗುಲಗಂಜಿ ಹೊಟ್ಟೆಬಾಕ. ಊಟ ಕಮ್ಮಿ ಇದ್ದರೆ ಹಾರಿಹೋಗುತ್ತದೆ. ಹಾಗಾಗಿ ಮುನ್ನೆಚ್ಚರಿಕೆ ಅಂತ ಖಾಲಿ ತೋಟಕ್ಕೆ ಬಿಟ್ಟರೆ ದುಡ್ಡು ಹಾರಿಹೋದಂತೆ. ಹತ್ತಿ ಚೀಲಗಳು ಕಾಣಿಸಿಕೊಂಡಿರಬೇಕು, ಆದರೆ ಗೊಂಚಲೊಳಗೆ ಸೇರಿರಬಾರದು. ಆ ಸಂದು ಹಿಡಿಯೋದೇ ಜಾಣತನ.

ಅಕ್ಟೋಬರ್ ಪ್ರೂನಿಂಗ್ ಮಾಡುವ ತೋಟದಲ್ಲಿ ತಿಗಣೆ ಮೊದಲು ಕಾಂಡದ ತೊಗಟೆ ಒಳಗಿರುತ್ತದೆ, ಚಿಗುರು ಬಂದ ಹಾಗೆ ಮೇಲೇರುತ್ತದೆ, ಕಾಯಿ ನೀರು ತುಂಬಿಕೊಳ್ಳುವ ಹೊತ್ತಿಗೆ ಗೊಂಚಲಿನಲ್ಲಿ. ಗುಲಗಂಜಿ ಮೊಟ್ಟೆಯಿಂದ ಮೊಟ್ಟೆಗೆ ಬರೋಕೆ ತಿಂಗಳಿಗಿಂತ ಸ್ವಲ್ಪ ಜಾಸ್ತಿ ಬೇಕು. ಫಲಿತಾಂಶ ಕಣ್ಣಿಗೆ ಕಾಣೋಕೆ ಎರಡು ತಿಂಗಳು. ಕೊಯ್ಲಿನಿಂದ ಹಿಂದಕ್ಕೆ ಎಣಿಸಿ. ಫೆಬ್ರವರಿ ಕೊನೆಗೆ ಕೊಯ್ಲು ಅಂದರೆ ಡಿಸೆಂಬರ್ ದಾಟಿಸಬೇಡಿ. ಇದಕ್ಕೆ ಹಿತವಾದ ಹವೆ 22ರಿಂದ 28 ಡಿಗ್ರಿ. 33 ದಾಟಿದರೆ ಹುಡುಕಾಟ ನಿಲ್ಲಿಸುತ್ತದೆ. ವಿಜಯಪುರದ ಕಡೆ ಏಪ್ರಿಲ್ ಚಾಟ್ನಿ ಆದಮೇಲೆ ಸುಡುವ ಬಿಸಿಲಲ್ಲಿ ಬಿಡೋದು ದಂಡ. ಅಲ್ಲಿಯವರು ಮಳೆ ಬಿದ್ದು ತಂಪಾದ ಆಗಸ್ಟ್-ಸೆಪ್ಟೆಂಬರಿನಲ್ಲಿ ಒಮ್ಮೆ ಬಿಟ್ಟರೆ, ಅಕ್ಟೋಬರ್ ಚಾಟ್ನಿಗೆ ಮುಂಚೆಯೇ ಹೊರೆ ಇಳಿಯುತ್ತದೆ.

ಲೆಕ್ಕ ಹೆಕ್ಟೇರಿಗೆ 5,000 ಹುಳು, ಅಂದರೆ ಎಕರೆಗೆ 2,000. ಆದರೆ ತಿಗಣೆ ತೋಟದ ತುಂಬ ಒಂದೇ ಸಮ ಇರುವುದಿಲ್ಲ. ಒಂದು ವಾರ ಸಾಲು ಸಾಲಾಗಿ ನಡೆದು, ಹತ್ತಿ ಕಂಡ ಬಳ್ಳಿಗೆಲ್ಲ ಕೆಂಪು ದಾರ ಕಟ್ಟಿ. ನಮ್ಮಲ್ಲಿ ಯಾವಾಗಲೂ ದಾರಿ ಬದಿಯ ಧೂಳು ಬೀಳುವ ಸಾಲಿನಲ್ಲೇ ದಾರ ಹೆಚ್ಚು. ದಾರ ಕಟ್ಟಿದ ಬಳ್ಳಿಗೆ ತಲಾ 10, ತೀರಾ ಜೋರಿದ್ದರೆ 20. ಹೀಗೆ ಮಾಡಿದರೆ ಎಕರೆಗೆ ಸಾವಿರದ ಒಳಗೇ ಮುಗಿಯಬಹುದು.

ಸಿಗುವ ಜಾಗ: ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇವುಗಳಲ್ಲಿ ವಿಚಾರಿಸಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಮತ್ತು ಜೈವಿಕ ನಿಯಂತ್ರಣ ಪ್ರಯೋಗಾಲಯದಲ್ಲೂ ಕೇಳಿ. ಹೋದ ದಿನವೇ ಕೈಗೆ ಸಿಗುವ ಸಾಮಾನಲ್ಲ, ತಿಂಗಳ ಮುಂಚೆ ಹೇಳಿಡಿ.

ಬಿಡುವ ದಿನ

ಡಬ್ಬಿಯನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಬೆಂದುಹೋಗುತ್ತವೆ. ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿ ತನ್ನಿ. ತೋಟದಲ್ಲಿ ಹಳದಿ ಅಂಟು ಹಾಳೆ ನೇತುಹಾಕಿದ್ದರೆ ಆ ಸಾಲುಗಳಿಂದ ತೆಗೆಯಿರಿ, ಅದಕ್ಕೆ ಮಿತ್ರ ಶತ್ರು ಅಂತ ಗೊತ್ತಾಗುವುದಿಲ್ಲ. ಬಿಸಿಲು ಇಳಿದ ಮೇಲೆ, ಸಂಜೆ ಐದರ ನಂತರ ಬಿಡಿ. ಡಬ್ಬಿ ಬಿಚ್ಚಿ ಗಾಳಿಗೆ ತೂರೋದಲ್ಲ. ಪ್ರತಿ ಬಳ್ಳಿಯ ಕವಲಲ್ಲಿ, ಹತ್ತಿ ಚೀಲದ ಪಕ್ಕಕ್ಕೇ ಕಾಗದದ ಚೂರಿನ ಸಮೇತ ಹತ್ತು ಹುಳು ಮೆಲ್ಲಗೆ ಉದುರಿಸಿ. ಸಂಜೆಯಾದರೆ ಅವು ಅಲ್ಲೇ ಕೂರುತ್ತವೆ, ರಾತ್ರಿ ಕಳೆಯುತ್ತವೆ, ಬೆಳಿಗ್ಗೆ ಎದುರಿಗೇ ಊಟ.

ಮೊದಲ ವಾರ ಏನೂ ಕಾಣುವುದಿಲ್ಲ. ಮೊಟ್ಟೆಯನ್ನು ತಿಗಣೆಯ ಹತ್ತಿಯೊಳಗೇ ಇಡುತ್ತದೆ, ಐದಾರು ದಿನಕ್ಕೆ ಮರಿ. ಎರಡನೇ ವಾರದಿಂದ ಭೂತಗನ್ನಡಿ ಹಿಡಿದು ದಾರದ ಬಳ್ಳಿಗಳನ್ನೇ ನೋಡಿ. ಓಡಾಡುವ ಮರಿ, ಕೆದರಿದ ಹತ್ತಿ, ಹೀರಿ ಎಸೆದ ತಿಗಣೆಯ ಖಾಲಿ ಸಿಪ್ಪೆ. ನಾಲ್ಕನೇ ವಾರಕ್ಕೂ ಇದೊಂದೂ ಇಲ್ಲ ಅಂದರೆ ಮೊದಲು ಇರುವೆ ಪಟ್ಟಿ ನೋಡಿ, ಆಮೇಲೆ ಎರಡನೇ ಸಲ ಬಿಡುವ ಯೋಚನೆ ಮಾಡಿ. ಕೂಲಿಯವರಿಗೆ, ಸ್ಪ್ರೇ ಮಾಡುವ ಹುಡುಗರಿಗೆ ಮರಿಯನ್ನು ಕೈಯಲ್ಲಿಟ್ಟು ತೋರಿಸಿ. ಅವರು ಗೊಂಚಲು ಒರೆಸುವಾಗ ಬಿಳಿ ಕಂಡದ್ದನ್ನೆಲ್ಲ ಹಿಸುಕುತ್ತಾರೆ, ತಪ್ಪು ಅವರದ್ದಲ್ಲ.

ಕೊಯ್ಲಿನ ಹೊತ್ತಿಗೆ ಗೊಂಚಲಲ್ಲಿ ಗುಲಗಂಜಿಯ ಕೆಲವು ಕೋಶಗಳು ಅಂಟಿಕೊಂಡಿರಬಹುದು. ಮೆತ್ತನೆ ಬ್ರಷ್‌ನಿಂದ ತೆಗೆದು ಬಳ್ಳಿಯ ಬುಡಕ್ಕೇ ಹಾಕಿ.

ಪುಕ್ಕಟೆ ಕೆಲಸಗಾರರು

ನೀವು ತರದೇ ಬರುವವರೂ ಇದ್ದಾರೆ. ಅನಗೈರಸ್ ಅನ್ನೋ ಚಿಕ್ಕ ಕಣಜ ತಿಗಣೆಯೊಳಗೆ ಮೊಟ್ಟೆ ಇಡುತ್ತದೆ. ಉಬ್ಬಿ ಕಂದಾಗಿ ಚರ್ಮದ ಪೀಪಾಯಿಯಂತಾದ ತಿಗಣೆ, ಅದರಲ್ಲಿ ದುಂಡು ತೂತು ಕಂಡರೆ ಅದು ಇವನ ಕೆಲಸ. ಅಂಥವು ಹೆಚ್ಚಿದ್ದರೆ ಹುಳು ಕೊಳ್ಳುವುದಕ್ಕೆ ಮುಂಚೆ ಎರಡು ವಾರ ಸುಮ್ನೆ ಕಾಯ್ದು ನೋಡಿ. ಸ್ಪಾಲ್ಗಿಸ್ ಅಂತ ಒಂದು ಪುಟ್ಟ ಬೂದು ಚಿಟ್ಟೆ ಇದೆ, ಅದರ ಹುಳು ಎಲೆ ತಿನ್ನುವುದಿಲ್ಲ, ಹಿಟ್ಟು ತಿಗಣೆ ತಿನ್ನುತ್ತದೆ. ಅದರ ಕೋಶ ನೋಡಿದರೆ ನಗು ಬರುತ್ತದೆ, ಥೇಟ್ ಕೋತಿ ಮುಖ. ಎಲೆ ಮೇಲೆ ಪುಟ್ಟ ಕೋತಿ ಮುಖ ಕಂಡರೆ ಬಿಟ್ಟುಬಿಡಿ.

ಥ್ರಿಪ್ಸ್, ಜಿಗಿಹುಳುವಿನ ಮರಿ, ಆಗ ತಾನೇ ಹುಟ್ಟಿದ ತಿಗಣೆ ಇವಕ್ಕೆ ಕ್ರೈಸೊಪರ್ಲಾ, ಅಂದರೆ ಹಸಿರು ಬಲೆರೆಕ್ಕೆ ಹುಳು. ಮೊಟ್ಟೆಯನ್ನು ಕೂದಲಿನಂಥ ದಾರದ ತುದಿಯಲ್ಲಿ ಇಡುತ್ತದೆ. ಮರಿಗಳಿಗೆ ಕುಡುಗೋಲು ದವಡೆ, ಹಸಿದರೆ ಒಂದನ್ನೊಂದು ತಿನ್ನುತ್ತವೆ, ಹಾಗಾಗಿ ಒಂದೇ ಡಬ್ಬಿಯಲ್ಲಿ ದಿನಗಟ್ಟಲೆ ಇಟ್ಟುಕೊಳ್ಳಬೇಡಿ. ದೊಡ್ಡದಾದ ಮೇಲೆ ಮಕರಂದ, ಪರಾಗವೇ ಊಟ. ಸಾಲಿನ ನಡುವೆ ಅಲಸಂದೆ, ಬದುವಿನಲ್ಲಿ ಕೊತ್ತಂಬರಿ ಹೂ ಬಿಡೋವರೆಗೆ ಬಿಟ್ಟರೆ ಉಳಿಯುತ್ತವೆ. ಬದುವಿಗೆ ದಾಸವಾಳ, ಬೆಂಡೆ ಮಾತ್ರ ಬೇಡ, ಗುಲಾಬಿ ತಿಗಣೆಗೆ ಅವು ತವರುಮನೆ. ಕಾಂಗ್ರೆಸ್ ಗಿಡವನ್ನೂ ಕಿತ್ತುಬಿಡಿ.

ಮನೆಯಲ್ಲೇ ಸಾಕೋದು, ಕುಂಬಳಕಾಯಿ ಮೇಲೆ

ತಾಳ್ಮೆ ಇದ್ದವರಿಗೆ ಮಾತ್ರ. ತೋಟದಿಂದ ದೂರದ ಕೋಣೆಯಲ್ಲಿ ಮಾಡಿ, ಯಾಕೆಂದರೆ ಮೊದಲು ಬೆಳೆಸಬೇಕಾದ್ದು ತಿಗಣೆಯನ್ನೇ.

ಚೆನ್ನಾಗಿ ಬಲಿತ ಕೆಂಪು ಕುಂಬಳ ತನ್ನಿ. ಮೈಮೇಲೆ ಏಣು ಜಾಸ್ತಿ, ತೊಟ್ಟು ಮುರಿದಿರಬಾರದು. ಏಣಿನ ಸಂದಿಯಲ್ಲೇ ತಿಗಣೆ ಕೂರೋದು, ನುಣುಪು ಕಾಯಿ ತಂದರೆ ಉದುರುತ್ತವೆ. ತೊಳೆದು, ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಂ ಹಾಕಿ ಅದ್ದಿ ತೆಗೆದು ನೆರಳಲ್ಲಿ ಒಣಗಿಸಿ. ಗಾಯ ಇದ್ದ ಕಡೆ ಮೇಣದ ಬತ್ತಿ ಕರಗಿಸಿ ಮುಚ್ಚಿ, ಇಲ್ಲದಿದ್ದರೆ ಹದಿನೈದು ದಿನಕ್ಕೆ ಕೊಳೆತು ನಾರುತ್ತದೆ. ಬಟ್ಟೆ ಹೊದಿಸಿದ ಪೆಟ್ಟಿಗೆಯೊಳಗೆ ಸಿಂಬಿಯ ಮೇಲೆ ಕಾಯಿ ಕೂರಿಸಿ. ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ, ಇಲ್ಲೂ ಇರುವೆಯದ್ದೇ ಕಾಟ.

ತಿಗಣೆಯ ಮೊಟ್ಟೆ ಚೀಲಗಳನ್ನು ಕಾಯಿಯ ಮೇಲಿಡಿ. 15-20 ದಿನಕ್ಕೆ ಕಾಯಿ ಪೂರ್ತಿ ಬೆಳ್ಳಗಾಗುತ್ತದೆ. ಆಗ ಗುಲಗಂಜಿ ಬಿಡಿ. ಪ್ರಯೋಗಾಲಯದವರು ನೂರು ಹುಳುವನ್ನು ಒಂದು ದಿನ ಮಾತ್ರ ಒಂದು ಕಾಯಿಯ ಜೊತೆ ಇಟ್ಟು, ಮೊಟ್ಟೆ ಇಡಿಸಿ, ಮುಂದಿನ ಕಾಯಿಗೆ ಸಾಗಿಸುತ್ತಾರೆ. ನಾವು ಮನೆಯಲ್ಲಿ ಇಪ್ಪತ್ತು ಇಪ್ಪತ್ತೈದು ಹುಳು ಬಿಟ್ಟು ನಾಲ್ಕೈದು ದಿನಕ್ಕೆ ತೆಗೆದರೂ ನಡೆಯುತ್ತದೆ. ಪೆಟ್ಟಿಗೆಯ ತಳಕ್ಕೆ ಮುದುಡಿದ ಕಾಗದ ಹಾಕಿ, ಮರಿಗಳು ಕೋಶ ಕಟ್ಟೋಕೆ ಅಲ್ಲಿಗೆ ಇಳಿಯುತ್ತವೆ. ಕಾಯಿ ಮೇಲೆ ತಿಗಣೆ ಮುಗಿಯುತ್ತಾ ಬಂತು, ಮರಿ ಇನ್ನೂ ಚಿಕ್ಕದಿವೆ ಅಂದರೆ ತಕ್ಷಣ ಇನ್ನೊಂದು ಬಿಳಿ ಕಾಯಿ ಪಕ್ಕಕ್ಕಿಡಿ. ತಡ ಮಾಡಿದರೆ ತಮ್ಮವರನ್ನೇ ತಿನ್ನುತ್ತವೆ. ಹಾಗಾಗಿ ಕಾಯಿಗಳನ್ನು ವಾರಕ್ಕೊಂದರಂತೆ ಸರದಿಯಲ್ಲಿ ತಯಾರು ಮಾಡಿ.

ಮೂವತ್ತನೇ ದಿನದ ಸುಮಾರಿಗೆ ಹೊಸ ಹುಳುಗಳು ಬಟ್ಟೆಯ ಕಡೆ, ಬೆಳಕಿರುವ ಕಡೆ ಬಂದು ಕೂರುತ್ತವೆ. ಬಂದ ದಿನವೇ ತೋಟಕ್ಕೆ ಒಯ್ಯಬೇಡಿ. ಹತ್ತು ದಿನ ಜೇನು ನೀರು ಹತ್ತಿಯಲ್ಲಿ ಅದ್ದಿ ಕೊಟ್ಟು, ಸ್ವಲ್ಪ ತಿಗಣೆಯನ್ನೂ ಕೊಟ್ಟು ಇಟ್ಟುಕೊಳ್ಳಿ. ಅಷ್ಟರಲ್ಲಿ ಜೋಡಿಯಾಗಿ ಹೆಣ್ಣು ಮೊಟ್ಟೆ ಇಡೋಕೆ ತಯಾರಾಗಿರುತ್ತದೆ, ತೋಟದಲ್ಲಿ ಬಿಟ್ಟ ಮಾರನೇ ದಿನದಿಂದಲೇ ಕೆಲಸ ಶುರು.

ಖಾಲಿಯಾದ ಕುಂಬಳವನ್ನು ಹಸುವಿಗೆ ಹಾಕಬೇಡಿ, ಅದು ಔಷಧಿಯಲ್ಲಿ ಅದ್ದಿದ್ದು. ಉಳಿದ ತಿಗಣೆ ಹೊರಗೆ ಬಾರದ ಹಾಗೆ ಚೀಲದಲ್ಲಿ ಕಟ್ಟಿ ಎರಡು ದಿನ ಬಿಸಿಲಲ್ಲಿ ಬೇಯಲು ಬಿಟ್ಟು, ಆಮೇಲೆ ಗುಂಡಿ ತೆಗೆದು ಹೂಳಿ. ಕಟ್ಟುವ ಮುಂಚೆ ತೊಟ್ಟಿನ ಸಂದಿಯಲ್ಲೊಮ್ಮೆ ಇಣುಕಿ ನೋಡಿ. ಕೋಶ ಬಿಡಲು ತಡವಾದ ಏಳೆಂಟು ಹುಳುಗಳು ಅಲ್ಲಿ ಸಿಕ್ಕೇ ಸಿಗುತ್ತವೆ.